ಹೋರಿ ಗಾಡಿಯ ಹಿಂದಿನ ಸೀಟು

ಶಿವನಿಗೆ ನಂದಿ ವಾಹನ, ಸರಿ. ನಂದಿಗೆ ಯಾವುದು ವಾಹನ? ಪುರವರ ಹೋಬಳಿಯಲ್ಲಿ ಎಮ್ಮೆ ಕಾಯುವ ಯಾರನ್ನು ಕೇಳಿದರೂ ಉತ್ತರ ಸಿಗುತ್ತದೆ: ಭೀಮರಾಜಣ್ಣನ ಯೆಜ್ಡಿ ಬೈಕು.

ಭೀಮರಾಜಣ್ಣ ಪಶು ಆಸ್ಪತ್ರೆಯ ನೌಕರರಾಗಿದ್ದರು. ಸರ್ಕಾರಿ ಕಾಗದದಲ್ಲಿ ಅವರ ಹುದ್ದೆಗೆ ರೈಲಿನಷ್ಟು ಉದ್ದದ ಹೆಸರು. ಜನ ಅದನ್ನು ಮೊಟಕು ಮಾಡಿ 'ಡಾಕ್ಟ್ರು' ಅಂದುಬಿಟ್ಟಿದ್ದರು. ನಿಜವಾದ ಡಾಕ್ಟರು ಹಳ್ಳಿಗೆ ಬಂದ ದಿನ ಮಾತ್ರ ಇವರಿಗೆ 'ಚಿಕ್ಕ ಡಾಕ್ಟ್ರು' ಎಂದು ಹಿಂಬಡ್ತಿ. ಯಾರದೋ ಮನೆಯಲ್ಲಿ ಹಸು ಬೆದೆಗೆ ಬಂದಿದೆ ಎಂದು ಸುದ್ದಿ ಬಂತೋ, ನೈಟ್ರೋಜನ್ ಕ್ಯಾನನ್ನು ಯೆಜ್ಡಿಯ ಬೆನ್ನಿಗೆ ಬಿಗಿದು ಹೊರಡುವುದು ಅವರ ಮುಖ್ಯ ಕೆಲಸ. ಆ ಕ್ಯಾನಿನೊಳಗೆ, ಹಿಮಾಲಯವೇ ನಡುಗುವಂಥ ಚಳಿಯಲ್ಲಿ, ಸಣ್ಣ ಸಣ್ಣ ಕಡ್ಡಿಗಳ ರೂಪದಲ್ಲಿ ಜರ್ಸಿ, ಎಚ್.ಎಫ್. ಹೋರಿಗಳ ಸಮಸ್ತ ವಂಶ ಕುಳಿತಿರುತ್ತಿತ್ತು. ಮುಚ್ಚಳ ತೆಗೆದರೆ ಭುಸ್ಸೆಂದು ಬಿಳಿ ಹೊಗೆ, ಪೌರಾಣಿಕ ನಾಟಕದಲ್ಲಿ ದೇವರು ಪ್ರತ್ಯಕ್ಷವಾದ ಹಾಗೆ. ಸುತ್ತ ನಿಂತವರು ಕೈ ಮುಗಿಯುವುದೊಂದು ಬಾಕಿ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಬಯಾಲಜಿಯನ್ನು ಹೂವು, ದುಂಬಿ, ಪರಾಗಕ್ಕೆ ನಿಲ್ಲಿಸಿ ಪುಸ್ತಕ ಮುಚ್ಚಿಬಿಟ್ಟಿದ್ದರು. ಉಳಿದ ಅಧ್ಯಾಯವನ್ನು ನಾನು ಓದಿದ್ದು ನಮ್ಮ ಹಿತ್ತಲಲ್ಲಿ, ಭೀಮರಾಜಣ್ಣ ತೋಳುದ್ದದ ಗ್ಲೌಸು ಹಾಕಿಕೊಂಡಾಗ.

ಅವರು ಹುಟ್ಟಿದ್ದು ತೋವಿನಕೆರೆಯಲ್ಲಿ. ಅಪ್ಪ ಚಿಕ್ಕನರಸಯ್ಯ ಜೀವಮಾನವೆಲ್ಲ ಇನ್ನೊಬ್ಬರ ದನ ಕಾದವರು. ಮಗ ದನದ ಆಸ್ಪತ್ರೆಗೇ ಸೇರಿದಾಗ ಅವರಿಗೆ ಅದು ನೌಕರಿಯಲ್ಲ, ಮನೆತನದ ಕಸುಬಿಗೆ ಸರ್ಕಾರ ಹಾಕಿದ ಮೊಹರು. ಮಗ ತುಮಕೂರಿನಿಂದ ಹೊಸ ಯೆಜ್ಡಿ ತಂದು ಕೇರಿಯಲ್ಲಿ ನಿಲ್ಲಿಸಿದ ದಿನ ಅಪ್ಪ ಅದನ್ನು ಸುತ್ತಿ, ಟ್ಯಾಂಕಿನ ಮೇಲೆ ಹೋರಿಯ ಭುಜ ಸವರಿದ ಹಾಗೆ ಕೈಯಾಡಿಸಿದರಂತೆ.

"ಇದ್ಕೆ ಮೇವು ಏನ್ಲಾ?"

"ಪೆಟ್ರೋಲು ಕಣಪ್ಪ. ಜತೆಗೆ ಒಂಚೂರು ಎಣ್ಣೆ ಬೆರಸ್ಬೇಕು."

"ಅಂಗಾದ್ರೆ ನಮ್ಗಿಂತ ಚೆನ್ನಾಗಿ ಉಣ್ತದೆ ಬುಡು."

ಅಪ್ಪನ ಕೈ ಸವರಿದ ಗಾಡಿ ಎಂಬ ಕಾರಣಕ್ಕೇ ಭೀಮರಾಜಣ್ಣ ಅದನ್ನು ಮಾರಲಿಲ್ಲ, ಬದಲಿಸಲಿಲ್ಲ. ಕೊರಟಗೆರೆ, ಶಿರಾ, ಕೊನೆಗೆ ಪುರವರ ಎಂದು ವರ್ಗವಾದಾಗಲೆಲ್ಲ ಗಂಟುಮೂಟೆ ಲಾರಿಯಲ್ಲಿ, ಇವರು ಯೆಜ್ಡಿಯಲ್ಲಿ. ಬದಲಾಯಿಸಿದ್ದು ಒಂದೇ. ಕೊಂಡ ಹೊಸತರಲ್ಲೇ ಉದ್ದನೆಯ ಸೀಟನ್ನು ಅರ್ಧಕ್ಕೆ ಕುಯ್ಯಿಸಿ, ಹಿಂದುಗಡೆ ಕ್ಯಾನು ಕೂರುವಂಥ ಕಬ್ಬಿಣದ ಬಳೆ ವೆಲ್ಡ್ ಮಾಡಿಸಿದರು. ಮದುವೆಯಾದದ್ದು ಆಮೇಲೆ. ಅಂದರೆ ವನಜಾಕ್ಷಿಯವರಿಗಿಂತ ಮೊದಲೇ ಆ ಸಂಸಾರಕ್ಕೆ ಹೋರಿ ಕಾಲಿಟ್ಟಿತ್ತು.

ವನಜಾಕ್ಷಿಯವರು ಪಾವಗಡದ ಆಚೆಯ ಹಳ್ಳಿಯವರು. ಕೋಪ ಬಂದರೆ ಕನ್ನಡ, ಖುಷಿಯಾದರೆ ತೆಲುಗು. ಮನೆಯ ಫೋನು ಅವರ ಇಲಾಖೆ. "ಡಾಕ್ಟ್ರು ಅವ್ರಾ?" ಎಂದು ಯಾರಾದರೂ ಅಂದರೆ ಅಡ್ಡಪ್ರಶ್ನೆ ಇಲ್ಲಿಂದಲೇ ಶುರು: "ಬೆಳಗ್ಗೆಯಿಂದ ಕೂಗ್ತಿದೆಯೋ, ನಿನ್ನೆ ಸಂಜೆಯಿಂದ್ಲೋ? ಮೇವು ಬಿಟ್ಟಿದೆಯಾ? ಹಂಗಾದ್ರೆ ಮಧ್ಯಾಹ್ನ ಬರ್ತಾರೆ, ನೆರಳಲ್ಲಿ ಕಟ್ಟಿರಿ." ಕಡ್ಡಿ ಮುರಿದ ಹಾಗೆ ಮಾತು. ಆಮೇಲೆ ಕಡ್ಡಿ ತೆಗೆದುಕೊಂಡು ಗಂಡ ಹೋಗುತ್ತಿದ್ದರು.

ಇಷ್ಟೆಲ್ಲ ಇದ್ದೂ ಆಯಮ್ಮ ಒಂದು ದಿನವೂ ಯೆಜ್ಡಿ ಹತ್ತಲಿಲ್ಲ. ಮದುವೆ, ನಾಮಕರಣ, ತಿಥಿ ಎಲ್ಲಕ್ಕೂ ಅವರು ಬಸ್ಸಿನಲ್ಲಿ, ಇವರು ಬೈಕಿನಲ್ಲಿ. ಗಂಡ ಹೆಂಡತಿ ಬೇರೆ ಬೇರೆ ಹೊರಟು ಛತ್ರದ ಬಾಗಿಲಲ್ಲಿ ಕೂಡಿಕೊಂಡು, ಒಟ್ಟಿಗೇ ಬಂದವರಂತೆ ಒಳಗೆ ಹೋಗುತ್ತಿದ್ದರು. ಕೇಳಿದರೆ ವನಜಾಕ್ಷಿಯವರದು ಒಂದೇ ಮಾತು: "ಆ ಹೋರಿ ಗಾಡೀಲಿ ನಾನು ಬರಲ್ಲ. ಬಸ್ಸಿದೆ."

ಇದಕ್ಕೆ ಭೀಮರಾಜಣ್ಣ ತಮ್ಮದೇ ಅರ್ಥ ಕಟ್ಟಿಕೊಂಡಿದ್ದರು. ಹಿಂದೊಮ್ಮೆ ಕೊರಟಗೆರೆಯ ಮದುವೆಯೊಂದರಲ್ಲಿ ಇವರ ಗಾಡಿ ನಿಂತದ್ದೇ ಪಡ್ಡೆ ಹುಡುಗರು "ಹೋರಿ ಬಂತು! ಹೋರಿ ಬಂತು!" ಎಂದು ಕೇಕೆ ಹಾಕಿದ್ದರು. ಛತ್ರದ ಬಾಗಿಲಲ್ಲಿದ್ದ ಹೆಂಡತಿಯ ಮುಖ ಬಾಡಿದ್ದನ್ನು ಇವರು ಕಂಡಿದ್ದರು. ಅವಳಿಗೆ ನಾಚಿಕೆ, ಅಷ್ಟೇ ವಿಷಯ ಎಂದು ತೀರ್ಮಾನಿಸಿ, ಮತ್ತೆ ಬಾ ಎಂದು ಕರೆಯುವುದನ್ನೂ ನಿಲ್ಲಿಸಿಬಿಟ್ಟರು.

ರಿಟೈರಾದಾಗ ಕ್ಯಾನು ಇಲಾಖೆಗೆ ವಾಪಸಾಯಿತು. ಅದೇ ವಾರ ಯೆಜ್ಡಿಯೂ ಸ್ವಯಂ ನಿವೃತ್ತಿ ತೆಗೆದುಕೊಂಡಿತು. ಮನೆ ಮುಂದಿನ ಹೊಂಗೆ ಮರಕ್ಕೆ ಒರಗಿ ನಿಂತದ್ದು ಮತ್ತೆ ಮಿಸುಕಲಿಲ್ಲ. ಕ್ಯಾನು ಕೂರುತ್ತಿದ್ದ ಬಳೆಯೊಳಗೆ ಕೋಳಿಯೊಂದು ಹುಲ್ಲು ತುರುಕಿ ಮೊಟ್ಟೆಯಿಟ್ಟು ಮರಿ ಮಾಡಿತು. ಆ ಜಾಗದ ಸಂತಾನಭಾಗ್ಯ ಇನ್ನೂ ತೀರಿರಲಿಲ್ಲ.

ಹೀಗಿರುವಾಗ ಪಾವಗಡದ ಕಡೆಯಿಂದ ಫೋನು ಬಂತು. ವನಜಾಕ್ಷಿಯವರ ಅಕ್ಕನ ಮಗಳು ಮಂಜುಶ್ರೀ ಹೊಸ ಮನೆ ಕಟ್ಟಿದ್ದಳು. ಮುಂದಿನ ತಿಂಗಳ ಮೊದಲ ಭಾನುವಾರ ಬುದ್ಧವಂದನೆ, ಬೌದ್ಧ ಭಿಕ್ಷು ಭಂತೇಜಿ ಬರುತ್ತಾರೆ, ಆಮೇಲೆ ಊಟ. ಫೋನಿಟ್ಟ ಹೆಂಡತಿಯನ್ನು ಭೀಮರಾಜಣ್ಣ ಎಷ್ಟೋ ವರ್ಷಗಳ ಮೇಲೆ, ಗಂಟಲು ಸರಿಮಾಡಿಕೊಂಡು ಕೇಳಿದರು: "ಗಾಡಿ ರೆಡಿ ಮಾಡಿಸ್ತೀನಿ. ಬತ್ತೀಯಾ?"

ವನಜಾಕ್ಷಿಯವರು ಕಡಲೆಬೀಜ ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಆ ಗಾಡೀಲಾ? ಮಾಡ್ಸಿ. ನೋಡಾಣ."

ಮಾರನೆಯ ದಿನ ನಮ್ಮ ಮನೆಗೆ ಬಂದ ಭೀಮರಾಜಣ್ಣನ ಮುಖ ನೋಡಬೇಕಿತ್ತು. ಹೈಸ್ಕೂಲು ಹುಡುಗನಿಗೆ ಮೊದಲ ಸಲ ಚೀಟಿಗೆ ಉತ್ತರ ಬಂದ ಹಾಗಿತ್ತು.

"ನೋಡಾಣ ಅಂದವ್ಳೆ ಕಣಯ್ಯ! ಬರಲ್ಲ ಅಂದಿಲ್ಲ! ಗಾಡೀನ ಹೆಂಗ್ ಮಾಡಿಸ್ಬೇಕು ಅಂದ್ರೆ, ಅದು ಹೋರಿ ಗಾಡಿ ಅಂತ ಅದಕ್ಕೇ ಮರ್ತೋಗ್ಬೇಕು. ಈ ಸಲಾನೂ ಅವಳು ಕೂರ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ಬುಡ್ತೀನಿ. ಅಪ್ಪನ ಕೈ ತಾಗಿದ್ರೂ ಸೈ."

ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಯೆಜ್ಡಿಯನ್ನು ಶಿರಾಕ್ಕೆ ಒಯ್ದೆವು. ಅಲ್ಲಿ ಜಾಮಿಯಾ ಮಸೀದಿಯ ಹಿಂದಿನ ಓಣಿಯಲ್ಲಿ ಅಸ್ಲಂನ ವರ್ಕ್‌ಶಾಪು. ಮುಂಭಾಗದಲ್ಲಿ ಅಸ್ಲಂ ಬೈಕು ಬಿಚ್ಚುತ್ತಾನೆ, ಹಿಂಭಾಗದಲ್ಲಿ ಅವನ ಅಪ್ಪ ಇಮಾಮ್ ಸಾಬರು ಟ್ರ್ಯಾಕ್ಟರಿನ, ಆಟೋದ ಸೀಟು ಹೊಲಿಯುತ್ತಾರೆ. ಒಂದು ಕಾಲಕ್ಕೆ ಶಿರಾದ ಜಟಕಾಗಳಿಗೆಲ್ಲ ಅವರದೇ ಮೆತ್ತೆ. ಅಸ್ಲಂ ಗಾಡಿಯನ್ನು ಕಂಡದ್ದೇ ಸ್ಪ್ಯಾನರು ಕೆಳಗೆ ಹಾಕಿ ಓಡಿ ಬಂದ.

"ಅರೆ, ಹೋರಿ ಗಾಡಿ! ಅಬ್ಬಾ, ಇಲ್ಲಿ ನೋಡಿ, ನಮ್ಮ ಎಮ್ಮೆಗೆ ಬರ್ತಿತ್ತಲ್ಲ, ಅದೇ ಗಾಡಿ!" ಎಂದು ಒಳಗಿದ್ದ ಅಪ್ಪನನ್ನು ಕೂಗಿದ.

ಭೀಮರಾಜಣ್ಣನ ಮುಖ ಹುಳ್ಳಗಾಯಿತು. "ಲೇ, ಮೊದ್ಲು ಆ ಹೆಸರು ಬುಡು. ನೋಡ್ದೋನು ಇದು ಯಾವ್ದು ಅಂತ ತಲೆ ಕೆರ್ಕೋಬೇಕು, ಅಂಗ್ ಮಾಡು. ಆ ಬಳೆ, ಆ ಬೆಲ್ಟು, ಆ ಕ್ಯಾನಿನ ಗುರುತು ಒಂದೂ ಕಾಣ್ಬಾರ್ದು. ಕಿತ್ತು ಬಿಸಾಕು."

"ಫುಲ್ ಚೇಂಜಾ?"

"ಫುಲ್ಲು!"

ಯಾಕೆ, ಯಾರಿಗಾಗಿ ಎಂದು ಹೇಳಲು ಅವರಿಗೆ ಸಂಕೋಚ. ಅರವತ್ತು ದಾಟಿದವರು ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಳ್ಳಬೇಕು ಅಂತ ಮೆಕ್ಯಾನಿಕ್ಕಿನ ಮುಂದೆ ಹೇಗೆ ಬಾಯಿಬಿಡುವುದು? ನನ್ನನ್ನೂ ಕಣ್ಣಲ್ಲೇ ಸುಮ್ಮನಿರಿಸಿದರು.

ಅಲ್ಲಿಂದ ಶುರುವಾಯಿತು ಸಂಭ್ರಮ. ದಿನ ಬಿಟ್ಟು ದಿನ ಶಿರಾಕ್ಕೆ ಸವಾರಿ. ಅಸ್ಲಂ ಮಡ್‌ಗಾರ್ಡು ಕಳಚಿದಾಗ ಅದರ ಅಡಿಯಲ್ಲಿ ಗಟ್ಟಿಯಾದ ಸಗಣಿ, ಮಣ್ಣು ಪದರಪದರವಾಗಿ ಅಂಟಿತ್ತು. ಭೀಮರಾಜಣ್ಣ ಅದನ್ನು ಕೈಯಲ್ಲಿ ಹಿಡಿದು ವಿವರಿಸಿದರು: "ಈ ಕೆಂಪು ತೋವಿನಕೆರೆದು. ಇದು ಶಿರಾ. ಮೇಲಿಂದು ಪುರವರ." ಸರ್ವಿಸ್ ರಿಜಿಸ್ಟರಿನಲ್ಲೂ ಅಷ್ಟು ಪಕ್ಕಾ ದಾಖಲೆ ಇರಲಿಕ್ಕಿಲ್ಲ. ಇಂಜಿನ್ನು ಬಿಚ್ಚಿದರು, ಬೋರು ಕೊರೆಸಿದರು, ಹೊಸ ಪಿಸ್ಟನ್ನು ಹಾಕಿದರು. ನಮ್ಮ ಸೀಮೆಯಲ್ಲಿ ಬೋರು ಕೊರೆಸಿದ ಮೇಲೆ ಏನಾದರೂ ಬಂದೇ ಬರುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ. ಭೀಮರಾಜಣ್ಣ ಉಗುರು ಕಡಿಯುತ್ತ ನಿಂತಿದ್ದರು.

ಯೆಜ್ಡಿಯಲ್ಲೊಂದು ವಿಚಿತ್ರ. ಒದ್ದು ಸ್ಟಾರ್ಟ್ ಮಾಡುವ ಕಡ್ಡಿಯನ್ನೇ ಮಡಚಿ ಗೇರು ಮಾಡಿಕೊಳ್ಳುವುದು. ಒದೆಯೂ ಅದರಿಂದಲೇ, ಓಟವೂ ಅದರಿಂದಲೇ. ಥೇಟ್ ನಮ್ಮ ಕಾನ್ವೆಂಟಿನ ಪದ್ಧತಿ. ಅಸ್ಲಂ "ಬಿಸ್ಮಿಲ್ಲಾ" ಎಂದು ಒದ್ದ. ಗಾಡಿ ಕೆಮ್ಮಿತು. ಮತ್ತೆ ಒದ್ದ. ಸೀನಿತು. ಭೀಮರಾಜಣ್ಣ "ಸರಿ, ಇತ್ಲಾಗೆ ಬಾ" ಎಂದು ಅವನನ್ನು ಸರಿಸಿ, ಪಂಚೆ ಎತ್ತಿ ಕಟ್ಟಿ, ಟ್ಯಾಂಕು ಸವರಿ, "ಏಳಪ್ಪ" ಎಂದು ಒದ್ದರು. ಎರಡು ಹೊಸ ಸೈಲೆನ್ಸರುಗಳಿಂದ ಒಂದೇ ಸಲ ಗುಡುಗು! ಹೊಗೆ ಓಣಿಯನ್ನೆಲ್ಲ ತುಂಬಿಕೊಂಡಿತು. ಎದುರಿನ ಹೋಟೆಲಿನವರು ಟೀ ಲೋಟ ಹಿಡಿದೇ ಹೊರಗೆ ಬಂದರು. ಅಸ್ಲಂ ಕುಣಿದ. ಭೀಮರಾಜಣ್ಣ ನನ್ನ ಭುಜ ಹಿಡಿದು ಅಲುಗಿಸುತ್ತ ಏನೋ ಕೂಗಿದರು. ಒಂದಕ್ಷರ ಕೇಳಿಸಲಿಲ್ಲ. ಅದಕ್ಕೆ ಸೈಲೆನ್ಸರ್ ಎಂದು ಹೆಸರಿಟ್ಟವನೂ ಒಬ್ಬ ಹಾಸ್ಯ ಲೇಖಕನೇ ಇರಬೇಕು.

ಬಣ್ಣದ ವಿಷಯ ಬಂದಾಗ ಭೀಮರಾಜಣ್ಣ ಜೇಬಿನಿಂದ ಕಳ್ಳನಂತೆ ಒಂದು ತುಂಡು ಬಟ್ಟೆ ತೆಗೆದರು. ನೇರಳೆ ಬಣ್ಣ. ಟೈಲರಿನ ಹತ್ತಿರ ಬೇಡಿ ತಂದ, ವನಜಾಕ್ಷಿಯವರ ಹೊಸ ರವಿಕೆಯ ಉಳಿಕೆ. "ಇದೇ ಬಣ್ಣ ಬರ್ಬೇಕು. ಎಲ್ಲಿಂದು ಅಂತ ಕೇಳ್ಬ್ಯಾಡ."

ಅಸ್ಲಂ ಕೇಳಲಿಲ್ಲ. ಅವನ ತಲೆಯಲ್ಲಿ ಆಗಲೇ ಬೇರೇನೋ ಓಡುತ್ತಿತ್ತು. "ಸಾರ್, ಇನ್ನು ಭಾನುವಾರದ ತನಕ ನೋಡೋಕೆ ಬರ್ಬೇಡಿ. ಸರ್‌ಪ್ರೈಸು. ಅಸ್ಲಂ ಕಾ ಪ್ರಾಮಿಸ್."

ಭಾನುವಾರ ಬೆಳಗ್ಗೆ ನನ್ನ ಕಾರಿನಲ್ಲಿ ಮೂವರೂ ಹೊರಟೆವು. ಶಿರಾದಿಂದ ಅವರಿಬ್ಬರೂ ಬೈಕಿನಲ್ಲಿ, ಉಡುಗೊರೆಯ ಕುಕ್ಕರು ಮತ್ತು ನಾನು ಹಿಂದೆ ಕಾರಿನಲ್ಲಿ ಎಂದು ಏರ್ಪಾಡು. ವನಜಾಕ್ಷಿಯವರು ಒಳ್ಳೆ ಸೀರೆಯುಟ್ಟು, ಗಾಳಿಗೆ ಸೆರಗು ಹಾರದಂತೆ ಎಲ್ಲೆಂದರಲ್ಲಿ ಪಿನ್ನು ಚುಚ್ಚಿಕೊಂಡಿದ್ದರು. ಗಾಡಿಯಲ್ಲೇ ಬರುತ್ತೇವೆ ಎಂದು ದಾರಿಯುದ್ದಕ್ಕೂ ಅಕ್ಕನಿಗೆ ಫೋನು: "ಹೂನಕ್ಕಾ, ಬಂಡೀಲೇ ವಸ್ತಾಂ! ಬಸ್ಸು ಲೇದು ಗಿಸ್ಸು ಲೇದು!" ಖುಷಿಯಾಗಿದ್ದಾರೆ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಭೀಮರಾಜಣ್ಣ ಮುಂದಿನ ಸೀಟಿನಲ್ಲಿ ಕೂತು ನನ್ನ ತೊಡೆ ಚಿವುಟಿದರು.

ವರ್ಕ್‌ಶಾಪಿನ ಮುಂದೆ ಅರ್ಧ ಓಣಿ ನೆರೆದಿತ್ತು. ನಡುವೆ ಟಾರ್ಪಾಲು ಹೊದ್ದ ಗಾಡಿ. ಅಸ್ಲಂ ಜಾದೂಗಾರನ ಹಾಗೆ ಟಾರ್ಪಾಲು ಎಳೆದ.

ಅಬ್ಬ! ನೇರಳೆ ಹಣ್ಣನ್ನು ಆಗತಾನೇ ತೊಳೆದಿಟ್ಟಂಥ ಟ್ಯಾಂಕು. ಮುಖ ನೋಡಿಕೊಳ್ಳುವಂಥ ಸೈಲೆನ್ಸರು. ಬಾಗಿದ ಹ್ಯಾಂಡಲು, ದುಂಡನೆಯ ಕನ್ನಡಿ, ಹೊಸ ಟೈರು. ಇದು ಆ ಗಾಡಿ ಎಂದು ಅದನ್ನು ಮಾಡಿದವರೂ ಗುರುತು ಹಿಡಿಯಲಾರರು. ಜನ "ವಾಹ್" ಎಂದರು. ವನಜಾಕ್ಷಿಯವರು ಹತ್ತಿರ ಹೋಗಿ ಟ್ಯಾಂಕಿನ ಪಕ್ಕ ತಮ್ಮ ತೋಳಿಟ್ಟು ನೋಡಿ, "ರೀ, ಇದು ನನ್ನ ರವಿಕೆ ಬಣ್ಣ!" ಎಂದರು. ಓಣಿಗೆ ಓಣಿಯೇ ನಕ್ಕಿತು. ಭೀಮರಾಜಣ್ಣ ಟ್ಯಾಂಕಿಗಿಂತ ನೇರಳೆಯಾದರು.

ವನಜಾಕ್ಷಿಯವರು ಗಾಡಿಗೆ ಒಂದು ಸುತ್ತು ಬಂದರು. ಹಿಂದುಗಡೆ ನಿಂತರು. ನಗು ಹಾಗೇ ಇತ್ತು, ಆದರೆ ಹುಬ್ಬು ಮೇಲೇರಿತು.

"ಅದ್ಸರಿ. ನಾನೆಲ್ಲಿ ಕೂರ್ಲಿ?"

ಆಗ ನಾವೆಲ್ಲ ಮೊದಲ ಬಾರಿಗೆ ಹಿಂದುಗಡೆ ನೋಡಿದೆವು. ಬಳೆ ಇರಲಿಲ್ಲ, ಬೆಲ್ಟು ಇರಲಿಲ್ಲ. ಹಿಂದಿನ ಸೀಟೂ ಇರಲಿಲ್ಲ. ಒಬ್ಬರು ಕೂರುವಷ್ಟು ಪುಟ್ಟ ಸೀಟು, ಅದರ ಹಿಂದೆ ಚೇಳಿನ ಕೊಂಡಿಯ ಹಾಗೆ ಮೇಲೆದ್ದ ನೇರಳೆ ಬಣ್ಣದ ತಗಡು. ಅದರ ಮೇಲೆ ಕಾಗೆಯೂ ಕೂರಲಾರದು, ಜಾರುತ್ತದೆ.

"ಸಿಂಗಲ್ ಸೀಟರ್, ಆಂಟಿ. ಈಗ ಇದೇ ಫ್ಯಾಶನ್ನು" ಎಂದ ಅಸ್ಲಂ, ಇನ್ನೂ ಹೆಮ್ಮೆಯಿಂದಲೇ.

"ಲೇ! ಹಿಂದ್ಗಡೆ ಸೀಟು ಎಲ್ಲೋ?" ಭೀಮರಾಜಣ್ಣನ ದನಿ ಕೀರಲಾಯಿತು.

"ಎಲ್ಲಿತ್ತು ಸಾರ್? ನಾನು ಹುಟ್ಟಿದಾಗಿಂದ ನೋಡ್ತಿದೀನಿ ಈ ಗಾಡೀನ. ಹಿಂದೆ ಮನುಷ್ಯರು ಕೂತಿದ್ದು ಯಾರಾದ್ರೂ ನೋಡಿದೀರಾ? ಅಬ್ಬಾ, ನೀವು ನೋಡಿದೀರಾ?" ಒಳಗಿನಿಂದ ಇಮಾಮ್ ಸಾಬರು ಇಲ್ಲವೆಂದು ತಲೆಯಾಡಿಸಿದರು. ಓಣಿಯವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನೋಡಿರಲಿಲ್ಲ. "ಕ್ಯಾನಿನ ಗುರುತು ಒಂದೂ ಬೇಡ ಅಂದ್ರಿ. ಕ್ಯಾನು ಹೋಯ್ತು, ಅದರ ಜಾಗಾನೂ ಹೋಯ್ತು. ಇನ್ನೊಬ್ಬರು ಕೂರ್ತಾರೆ ಅಂತ ನೀವು ಹೇಳೇ ಇಲ್ವಲ್ಲ."

"ಬುದ್ಧಿ ಬ್ಯಾಡ್ವಾ ನಿಂಗೆ?"

"ಅವನ ಮೇಲೆ ಯಾಕ್ರೀ ಹಾರ್ತೀರ?" ಎಂದರು ವನಜಾಕ್ಷಿಯವರು. ಕೋಪದ ಕನ್ನಡ ಶುರುವಾಗಿತ್ತು. "ಟಾರ್ಪಾಲು ತೆಗ್ದು ಇಷ್ಟೊತ್ತಾಯ್ತು. ಬಾಯಿ ಬಿಟ್ಕೊಂಡು ನೋಡ್ತಾ ನಿಂತಿದ್ರಿ. ಸೀಟಿಲ್ಲ ಅಂತ ನಿಮಗೇ ಕಾಣ್ಲಿಲ್ಲ. ನಾನು ಹೇಳ್ಬೇಕಾಯ್ತು."

ಭೀಮರಾಜಣ್ಣ ನೆಲ ನೋಡಿದರು. "ಅಲ್ಲ ಕಣೇ… ನಿಂಗೆ ನಾಚ್ಕೆ ಆಗ್ಬಾರ್ದು, ಯಾರೂ ಹೋರಿ ಗಾಡಿ ಅಂತ ಗುರ್ತು ಹಿಡೀಬಾರ್ದು ಅಂತ…"

"ನಾಚ್ಕೆನಾ? ನಂಗಾ? ಊರಿನ ಹಸುಗಳ ಬೆದೆ ಲೆಕ್ಕ ಇಟ್ಟೋಳು ನಾನು. ನಿಮ್ಮನ್ನ ಕಳಿಸ್ತಿದ್ದೋಳು ನಾನು. ನಂಗ್ಯಾಕ್ರೀ ನಾಚ್ಕೆ?"

"ಮತ್ತೆ ಕೊರಟಗೆರೆ ಮದ್ವೇಲಿ ಮುಖ…"

"ಬಸ್ಸಲ್ಲಿ ನಿಂತ್ಕೊಂಡ್ ಬಂದಿದ್ದೆ, ಕಾಲು ನೋಯ್ತಿತ್ತು! ನೀವು ಗಾಳಿ ಕುಡ್ಕೊಂಡು ಜುಮ್ಮಂತ ಬಂದಿಳಿದ್ರಿ. ಹಿಂದ್ಗಡೆ ಹೋರೀನ ಬೆಲ್ಟ್ ಕಟ್ಟಿ, ಗೋಣಿ ಹಾಸಿ, ಬಿಸಿಲು ಬೀಳ್ದಂಗೆ ಟವಲ್ ಹೊದ್ಸಿ ಕರ್ಕೊಂಡ್ ಬಂದಿದ್ರಿ. ಮದುವೆ ಮನೆಗೂ! ಆ ಗಾಡೀಲಿ ಬರಲ್ಲ ಅಂತ ಇನ್ನೇನ್ ಹೇಳ್ಲಿ? ಎಲ್ಲಿ ಕೂರ್ಲಿ, ಅದರ ತಲೆ ಮೇಲಾ?"

ಹೋಟೆಲಿನವರು ಟೀ ಕುಡಿಯುವುದನ್ನೂ ಮರೆತಿದ್ದರು. ಭೀಮರಾಜಣ್ಣ ಕಾರಿನ ಕಡೆ ಕೈ ತೋರಿಸಿ ಮೆತ್ತಗೆ ಹೇಳಿದರು: "ನೀನು ಕಾರಲ್ಲಿ ಹೋಗಿರು. ನಾನು ಬಸ್ಸಲ್ಲಿ ಬತ್ತೀನಿ. ಇದು ಇಲ್ಲೇ ಗುಜರಿಗೆ ಹೋಗ್ಲಿ."

ವನಜಾಕ್ಷಿಯವರು ಅಲ್ಲಿದ್ದ ಹಳೆಯ ಟೈರೊಂದರ ಮೇಲೆ ಸೀರೆ ಸರಿಮಾಡಿಕೊಂಡು ಕೂತುಬಿಟ್ಟರು. "ಕಾರು ಬೇಡ, ಬಸ್ಸು ಬೇಡ. ಅಕ್ಕನಿಗೆ ಬಂಡೀಲಿ ಬರ್ತೀನಿ ಅಂದಿದೀನಿ. ಬಂಡೀಲೇ ಬರ್ತೀನಿ. ಸೀಟು ಮಾಡ್ಸಿ."

ಆಗ ಇಮಾಮ್ ಸಾಬರು ಹೊರಗೆ ಬಂದರು. ಗಡ್ಡ ನೀವಿಕೊಂಡು ಗಾಡಿಯ ಹಿಂಭಾಗ ನೋಡಿದರು. ಚೇಳಿನ ಕೊಂಡಿಯನ್ನು ಬೆರಳಲ್ಲಿ ತಟ್ಟಿ, ಮಗನಿಗೆ "ಕಾಟ್ ಡಾಲ್" ಎಂದರು. ಅಸ್ಲಂ ಅಳುಮೋರೆಯಲ್ಲಿ ಕಟಿಂಗ್ ಮಿಷನ್ನು ತೆಗೆದ. ವಾರವೆಲ್ಲ ತಟ್ಟಿ ತಟ್ಟಿ ಮಾಡಿದ್ದ ಫ್ಯಾಶನ್ನು ಕಿಡಿ ಹಾರಿಸುತ್ತ ನೆಲಕ್ಕೆ ಬಿತ್ತು. ಅವನು ಎರಡು ಕಬ್ಬಿಣದ ಪೈಪು ಬಾಗಿಸಿ ಚಾಸಿಗೆ ವೆಲ್ಡ್ ಮಾಡಲು ಕೂತ. ಇನ್ನು ಮೆತ್ತೆ. ಸೀಟಿಗೆ ಅಳತೆ ಬೇಕು. ಹೆಂಗಸರ ಅಳತೆ, ಅದೂ ಕೂರುವ ಭಾಗದ ಅಳತೆ! ನನಗೇ ಮುಜುಗರವಾಗಿ ಆಕಾಶ ನೋಡಿದೆ.

ಇಮಾಮ್ ಸಾಬರಿಗೆ ಯಾವ ಮುಜುಗರವೂ ಇರಲಿಲ್ಲ. ಎದುರಿನ ಮಂಡಿಯಿಂದ ಅರೆಬರೆ ತುಂಬಿದ ಕಡಲೆಕಾಯಿ ಮೂಟೆಯೊಂದನ್ನು ತರಿಸಿ, ಬೆಂಚಿನ ಮೇಲೆ ಅಡ್ಡಲಾಗಿ ಹಾಸಿ ತಟ್ಟಿ ಸಮ ಮಾಡಿದರು.

"ಟೇಪು ಹಿಡಿಯೋದು ಬೇಅದಬಿ, ಮರ್ಯಾದೆ ಅಲ್ಲ ಕಣಮ್ಮ. ಜಟಕಾ ಕಾಲದಿಂದ ನಾವು ಇಂಗೇ. ಇದರ ಮೇಲೆ ಆರಾಮಾಗಿ ಕೂತು ಎದ್ಬುಡಿ. ಮೂಟೆ ಹೇಳ್ತದೆ." ಎಂದವರು ಬೆನ್ನು ತಿರುಗಿಸಿ ನಿಂತು ಮತ್ತೆ ಕೇಳಿದರು: "ಒಂದು ಕಡೆ ಕೂರ್ತೀರೋ, ಎರಡು ಕಡೆ ಕಾಲು ಹಾಕ್ತೀರೋ? ಮೆತ್ತೆ ಬೇರೆ ಬೇರೆ ಆಗ್ತದೆ."

ಓಣಿಯಲ್ಲಿ ತಕ್ಷಣ ಚರ್ಚೆ. ಸೀರೆಗೆ ಒಂದು ಕಡೆಯೇ ಲಕ್ಷಣ ಎಂದರು ಹೋಟೆಲಿನವರು. ಪಾವಗಡ ದೂರ, ಸೊಂಟ ಹಿಡಿಯುತ್ತದೆ ಎಂದರು ಮಂಡಿಯವರು. ವನಜಾಕ್ಷಿಯವರು ಮೊದಲು ಒಂದು ಕಡೆಗೆ ಕಾಲು ಇಳಿಬಿಟ್ಟು ಮೂಟೆಯ ಮೇಲೆ ಕೂತರು. ಕಡಲೆಕಾಯಿ ಗರಗರ ಎಂದಿತು. ಒಂದು ಕ್ಷಣ ಯೋಚಿಸಿ ಎದ್ದರು.

"ಹಿಂಗ್ ಕೂತ್ರೆ ಅರ್ಧ ರಸ್ತೇನೇ ಕಾಣೋದು. ನಂಗ್ ಎರಡೂ ಕಡೆ ನೋಡ್ಬೇಕು."

ಇಮಾಮ್ ಸಾಬರ ಹೆಂಡತಿ ಅಮೀರ್ ಬಿ ಒಳಗಿನಿಂದ ಬಂದು ಅವರ ಕೈ ಹಿಡಿದು ಕರೆದೊಯ್ದರು. ಹೊರಗೆ ಬಂದಾಗ ವನಜಾಕ್ಷಿಯವರು ಒಳ್ಳೆ ಸೀರೆಯನ್ನು, ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವಾಗಿನ ಹಾಗೆ, ಕಚ್ಚೆ ಹಾಕಿ ಬಿಗಿದಿದ್ದರು. ಪಿನ್ನುಗಳೆಲ್ಲ ಈಗ ಹೊಸ ಜಾಗಗಳಲ್ಲಿ. ಮೂಟೆಯ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತು, ಆಚೀಚೆ ವಾಲಿ ನೋಡಿ, "ಹೂಂ" ಎಂದು ಎದ್ದರು. ಇಮಾಮ್ ಸಾಬರು ತಿರುಗಿ ಮೂಟೆಯ ಮೇಲೆ ಮೂಡಿದ ತಗ್ಗನ್ನು ಅಂಗೈಯಲ್ಲಿ ಅಳೆದರು. ಹಳೆಯ ಸ್ಪ್ರಿಂಗು, ತೆಂಗಿನ ನಾರು, ಮೇಲೆ ಕಪ್ಪು ರೆಕ್ಸಿನ್ನು. ಸೂಜಿ ಒಳಗೆ ಹೊರಗೆ ಓಡುತ್ತಿದ್ದರೆ ಭೀಮರಾಜಣ್ಣ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು ದಾರ ಹಿಡಿದುಕೊಟ್ಟರು. ನಡುನಡುವೆ ಬಾಗಿಲ ಕಡೆ ತಿರುಗಿ ಹೆಂಡತಿ ಇನ್ನೂ ಅಲ್ಲೇ ಇದ್ದಾರೆಯೇ ಎಂದು ನೋಡುತ್ತಿದ್ದರು. ಇದ್ದರು. ಅಮೀರ್ ಬಿ ಜತೆ ಎಮ್ಮೆಗಳ ವಿಷಯ ಜೋರಾಗಿ ನಡೆದಿತ್ತು.

ಬುದ್ಧವಂದನೆಯ ಹೊತ್ತು ಮೀರಿತ್ತು. ಮಂಜುಶ್ರೀ ಫೋನಿನ ಮೇಲೆ ಫೋನು ಮಾಡುತ್ತಿದ್ದಳು. ಮನೆಗೆ ರಾಹುಕಾಲದ ಭಯವಿಲ್ಲ, ಆದರೆ ಅಡುಗೆಯವರಿಗೆ ನೆಂಟರ ಹಸಿವಿನ ಭಯ ಇದ್ದೇ ಇರುತ್ತದಲ್ಲ.

ಸೀಟು ಕೂತಿತು. ಅದರ ಮೇಲೆ ವನಜಾಕ್ಷಿಯವರು ಕೂತರು. ಸ್ಪ್ರಿಂಗು ಒಮ್ಮೆ ಮೇಲೆತ್ತಿ ಇಳಿಸಿತು. "ಅಬ್ಬಬ್ಬಾ, ಇದಿ ಉಯ್ಯಾಲ!" ಭಾಷೆ ಬದಲಾದದ್ದನ್ನು ಗಮನಿಸಿದ ಭೀಮರಾಜಣ್ಣ ಒಂದೇ ಒದೆತಕ್ಕೆ ಗಾಡಿ ಎಬ್ಬಿಸಿದರು. ಓಣಿ ಚಪ್ಪಾಳೆ ತಟ್ಟಿತು. ಅಸ್ಲಂ ಒಬ್ಬನೇ ಕತ್ತರಿಸಿದ ಕೊಂಡಿಯನ್ನು ಎದೆಗೊತ್ತಿಕೊಂಡು ನಿಂತಿದ್ದ.

ನಾನು ಕಾರಿನಲ್ಲಿ ಹಿಂದೆ. ಊರಾಚೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ನನಗೊಂದು ವಿಚಿತ್ರ ಕಂಡಿತು. ಭೀಮರಾಜಣ್ಣ ಟ್ಯಾಂಕಿಗೆ ಅಂಟಿಕೊಂಡು ಮುಂದಕ್ಕೆ ಬಾಗಿದ್ದರು. ಅವರಿಗೂ ಹೆಂಡತಿಗೂ ನಡುವೆ ಸರಿಯಾಗಿ ಒಂದು ಕ್ಯಾನಿನಷ್ಟು ಜಾಗ ಖಾಲಿ. ಬೆನ್ನಿಗೆ ಕ್ಯಾನಿನ ತಂಪು ತಾಗದಂತೆ ಕೂತು ಕೂತು ಮೈಗೆ ಅದೇ ಅಭ್ಯಾಸ.

ಆ ಭಂಗಿಯೇ ಅವರನ್ನು ಹಿಡಿದುಕೊಟ್ಟಿತು. ಪಟ್ಟನಾಯಕನಹಳ್ಳಿ ದಾಟಿದ ಮೇಲೆ ರಸ್ತೆ ಪಕ್ಕ ಹಸುವಿನ ಹಗ್ಗ ಹಿಡಿದು ನಿಂತಿದ್ದ ಮುದುಕಿಯೊಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಡಾಕ್ಟ್ರೇ! ಓ ಡಾಕ್ಟ್ರೇ! ಹೋರಿ ಡಾಕ್ಟ್ರೇ!" ಎಂದು ಕೂಗುತ್ತ ರಸ್ತೆಗೇ ಬಂದರು. ಭೀಮರಾಜಣ್ಣ ಶಿರಾದಲ್ಲಿದ್ದಾಗಿನ ಗಿರಾಕಿ, ಓಬಳಮ್ಮ. ಗಾಡಿ ನಿಂತಿತು. ಅಷ್ಟು ಬಣ್ಣ, ಅಷ್ಟು ಕ್ರೋಮು, ಅಷ್ಟು ಗುಡುಗು, ಎಲ್ಲ ನೀರಿನಲ್ಲಿ ಹೋಮ. ನಾನು ಹಿಂದೆ ಕಾರು ನಿಲ್ಲಿಸಿ ಕಿಟಕಿ ಇಳಿಸಿದೆ.

"ಬೆಳಗ್ಗೆಯಿಂದ ಒಂದೇ ಸಮ ಕೂಗ್ತದೆ ಕಣಪ್ಪ. ನೀನು ದೇವ್ರು ಬಂದಂಗ್ ಬಂದ್ಬುಟ್ಟೆ. ಕಡ್ಡಿ ತೆಗಿ."

"ಅಮ್ಮ, ನಾನು ರಿಟೈರ್ ಆದೆ. ಕ್ಯಾನಿಲ್ಲ."

ಓಬಳಮ್ಮ ಗಾಡಿಯ ಹಿಂದೆ ಬಗ್ಗಿ ನೋಡಿದರು. "ಕ್ಯಾನಿನ ಜಾಗ್ದಲ್ಲಿ ಯಾರೋ ಹೆಣ್ಣಾಳು?"

"ಹೆಂಡ್ತಿ ಕಣಮ್ಮ."

"ಓ, ಮದ್ವೆ ಮಾಡ್ಕೊಂಡ್ಯಾ? ಒಳ್ಳೇದು ಬುಡು."

ಭೀಮರಾಜಣ್ಣ ಕತ್ತು ತಿರುಗಿಸದೆ ಕಾಯುತ್ತಿದ್ದರು. ಈಗಲೇ ಇಳಿದು ಕಾರಿನ ಕಡೆ ನಡೆಯುತ್ತಾಳೆ ಎಂದು ಅವರ ಭುಜಗಳೇ ಹೇಳುತ್ತಿದ್ದವು. ವನಜಾಕ್ಷಿಯವರು ಇಳಿಯಲಿಲ್ಲ. ಕೂತಲ್ಲಿಂದಲೇ ಹಸುವನ್ನು ಮೇಲಿಂದ ಕೆಳಗೆ ನೋಡಿ ವಿಚಾರಣೆ ಶುರುಮಾಡಿದರು. "ಬೆಳಗ್ಗೆ ಅಂದ್ರೆ ಕೋಳಿ ಕೂಗೋ ಹೊತ್ತಾ, ಆಮೇಲಾ? ಲೋಳೆ ಹಾಕಿದೆಯಾ? ಹಂಗಾದ್ರೆ ಇನ್ನೂ ಹೊತ್ತಿದೆ. ಸಂಜೆಗೆ ಹಾಕಿಸ್ಬೇಕು. ಈಗ ನಿಮ್ಮ ಕಡೆ ಅಂಬರೀಶ್ ಅಂತ ಹೊಸಬರು ಬಂದವ್ರೆ, ಒಳ್ಳೆ ಕೈ." ಫೋನು ತೆಗೆದು ತಾವೇ ಮಾತಾಡಿ, ಅಂಬರೀಶನಿಂದ ಸಂಜೆಗೆ ಬರುವ ಮಾತು ತೆಗೆದುಕೊಂಡು, ಹಸುವನ್ನು ನೆರಳಿಗೆ ಕಟ್ಟಲು ಓಬಳಮ್ಮನಿಗೆ ಆಜ್ಞೆ ಮಾಡಿದರು. ಆಮೇಲೆ ಗಂಡನ ಬೆನ್ನಿಗೆ ಬೆರಳಲ್ಲಿ ಒಂದು ತಿವಿತ.

"ಹಿಂದಕ್ಕೆ ಸರಿದು ಕೂತ್ಕೊಳ್ರೀ. ಇಲ್ಲಿ ಯಾರಿಗ್ ಜಾಗ ಬಿಟ್ಟಿದೀರ?"

ಭೀಮರಾಜಣ್ಣ ಸರಿದರು. ಜಾಗ ಮುಚ್ಚಿಕೊಂಡಿತು.

ಅಲ್ಲಿಂದಾಚೆ ನನ್ನ ಕಾರು ಅವರನ್ನು ಹಿಡಿಯಲಾಗಲಿಲ್ಲ. ಆಂಧ್ರದ ತುಂಡೊಂದನ್ನು ದಾಟಿ ಮತ್ತೆ ನಮ್ಮ ಸೀಮೆಗೆ ಬೀಳುವ ರಸ್ತೆಯಲ್ಲಿ, ನೇರಳೆ ಚುಕ್ಕೆಯೊಂದು ಮುಂದೆ ಮುಂದೆ ಓಡುತ್ತಿತ್ತು. ಬಂಡೆಗುಡ್ಡಗಳ ನಡುವೆ ಮಾಯವಾಗುವುದು, ಸೋಲಾರ್ ಪ್ಯಾನಲ್ಲುಗಳ ಸಾಲಿನ ಪಕ್ಕ ಮತ್ತೆ ಮಿಂಚುವುದು. ಒಮ್ಮೊಮ್ಮೆ ಒಂದು ಕೈ ಎಡಕ್ಕೆ ಚಾಚಿ ಏನೋ ತೋರಿಸುತ್ತಿತ್ತು, ಮರುಕ್ಷಣ ಇನ್ನೊಂದು ಕೈ ಬಲಕ್ಕೆ.

ನಾನು ಮಂಜುಶ್ರೀಯ ಹೊಸ ಮನೆ ಮುಟ್ಟಿದಾಗ ಗಾಡಿ ಅಂಗಳದಲ್ಲಿ ಗುಡುಗುತ್ತ ನಿಂತಿತ್ತು. ವಂದನೆ ಮುಗಿದು ಭಂತೇಜಿ ಊಟಕ್ಕೆ ಕೂತಿದ್ದರು. ನೆಂಟರೆಲ್ಲ ಬಾಗಿಲಲ್ಲಿ. ಅಕ್ಕ ಕೈ ಚಾಚಿ, "ದಿಗವೇ, ಅನ್ನಂ ಚಲ್ಲಾರಿಪೋತಾ ಉಂದಿ" ಎನ್ನುತ್ತಿದ್ದರು: ಇಳಿಯೇ, ಅನ್ನ ಆರಿಹೋಗುತ್ತೆ. ಮಂಜುಶ್ರೀ ಮೊಬೈಲು ಹಿಡಿದು ಫೋಟೋ ತೆಗೆಯುತ್ತಿದ್ದಳು. ಭೀಮರಾಜಣ್ಣ ಇಂಜಿನ್ನು ಆಫ್ ಮಾಡಲು ಕೈ ಚಾಚಿದ್ದರು.

ವನಜಾಕ್ಷಿಯವರು ಇಳಿಯುವ ಲಕ್ಷಣವೇ ಕಾಣಲಿಲ್ಲ. ಕೆದರಿದ ಕೂದಲು, ಧೂಳು ಮೆತ್ತಿದ ಮುಖ, ಎರಡೂ ಕಡೆ ಭದ್ರವಾಗಿ ಊರಿದ ಕಾಲು. ಗಂಡನ ಕೈಯನ್ನು ಕೀಲಿಯಿಂದ ಸರಿಸಿದರು.

"ಉಂಡಕ್ಕಾ," ಎಂದರು, ಇರು ಅಕ್ಕಾ ಎಂದು. "ಚೆರುವು ಸುಟ್ಟೂ ಒಕ ರೌಂಡು ಏಸಿ ವಸ್ತಾಂ."

ಅಕ್ಕ ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಯೆಜ್ಡಿ ಹೊಗೆ ಬಿಟ್ಟು, ಕೆರೆಗೊಂದು ಸುತ್ತು ಹಾಕಲು ಏರಿಯ ಕಡೆ ತಿರುಗಿತ್ತು.